ಯಜಮಾನರ ಕಂಬ

ಮೇ 6, 2018, ಭಾನುವಾರ

ಈ ಕಥೆ ಹೇಳಿದ್ದು ಪೆಲೆನೀಸೆ ಅತ್ತೆ. ಇವತ್ತೇ, ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಾಗ.

"ಸವಾಯಿ ದ್ವೀಪದಲ್ಲಿ ಒಂದು ಮನೆತನದ ಯಜಮಾನ ಕಣ್ರೇ. ಸಕ್ಕರೆ ಕಾಯಿಲೆ, ಎರಡೂ ಕಾಲು ತೆಗೆದ್ರು. ಯಾರೋ ಪುಣ್ಯಾತ್ಮರು ಗಾಲಿಕುರ್ಚಿಗೆ ಹೊಂದೋ ಮನೆ ಕಟ್ಟಿಸಿಕೊಟ್ರು. ರ‍್ಯಾಂಪ್ ಎಲ್ಲಿಟ್ರು ಗೊತ್ತಾ? ಹಿತ್ತಲಲ್ಲಿ, ಅಡುಗೆ ಗುಡಿಸಲ ಪಕ್ಕ! ಯಜಮಾನ ಬಡಿಸೋರ ದಾರೀಲಿ ಬರಬೇಕು. ಬಂದ್ರೂ ಏನು? ಸಭೇಲಿ ಎಲ್ಲರೂ ಚಾಪೆ ಮೇಲೆ, ಇವನೊಬ್ಬ ಕುರ್ಚಿಲಿ, ಎಲ್ಲರ ತಲೆಗಿಂತ ಮೇಲೆ. ಮರ್ಯಾದೆನಾ ಅದು? ಅದಕ್ಕೇ ಒಳಗೆ ಹೋಗಲ್ಲ. ರ‍್ಯಾಂಪ್ ತುದೀಲಿ ಕೂತು ತನ್ನ ಮನೆ ಸಭೇನ ತಾನೇ ಕದ್ದು ಕೇಳ್ತಾನೆ!"

ಎಲ್ಲರೂ ನಕ್ಕರು. "ನಕ್ಷೆ ಬರೆದೋನು ಜನ್ಮದಲ್ಲಿ ನೆಲದ ಮೇಲೆ ಕೂತಿಲ್ಲ" ಅಂದ ನನ್ನ ತಮ್ಮ ಫೆರೆತಿ.

ನಾನೂ ನಕ್ಕೆ. ನಕ್ಷೆ ನನ್ನದು. ಮುಂದೆ ನಿಂತು ಕಟ್ಟಿಸಿಕೊಟ್ಟವಳೂ ನಾನೇ. ಕೆಲಸದ ಮಾತು ಮನೆಯಲ್ಲಿ ಆಡುವವಳಲ್ಲ, ಯಾರಿಗೂ ಗೊತ್ತಿಲ್ಲ.

ಮೇ 7

ಆಫೀಸು. ಇಪ್ಪತ್ತೆರಡು ವರ್ಷ, ಮೂವತ್ತೊಂಬತ್ತು ಮನೆ — ನಡೆಯಲಾಗದವರಿಗೆ, ಕಣ್ಣು ಕಾಣದವರಿಗೆ. ಗೋಡೆ ಮೇಲೆ ಆ ರ‍್ಯಾಂಪಿನ ಫೋಟೋ. ಹಿಂದೆ ಜಾಗ ಹೆಚ್ಚಿತ್ತು, ಹಿಂದೆ ಇಟ್ಟೆ. ಅಷ್ಟೇ ಯೋಚಿಸಿದ್ದು. ಸಭೆಯಲ್ಲಿ ಯಾವ ಯಜಮಾನ ಯಾವ ಕಂಬಕ್ಕೆ ಒರಗಿ ಕೂರಬೇಕೆಂದು ಐದನೇ ವಯಸ್ಸಿಗೇ ಗೊತ್ತಿತ್ತು ನನಗೆ. ನಾನು ನೋಡಿ ನಕ್ಷೆ ಬರೆದ ನ್ಯೂಜಿಲೆಂಡಿನ ಕಟ್ಟಡ ನಿಯಮದ ಪುಸ್ತಕದಲ್ಲಿ ಕಂಬಗಳಿರಲಿಲ್ಲ...

ಫೋಟೋ ತೆಗೆದು ಡ್ರಾಯರಿಗೆ ಹಾಕಿದೆ. ಮತ್ತೆ ತೂಗುಹಾಕಿದೆ. ಯಾರಾದರೂ ಕೇಳಿದರೆ?

ಮೇ 10

ಫೆರಿ ಹಿಡಿದು ಸವಾಯಿಗೆ ಹೋದೆ. ಯಜಮಾನ ಇಯಾಕೊಪೊ ರ‍್ಯಾಂಪಿನ ತುದಿಯಲ್ಲೇ ಇದ್ದರು, ಬೀಸಣಿಗೆ ಹಿಡಿದು. ಗೋಡೆಯಿಲ್ಲದ ಮನೆಯೊಳಗೆ ಅವರ ಕಂಬ ಖಾಲಿ.

"ಬಾ ಮಗಳೇ. ನಿನ್ನ ಮನೆ ಬಿರುಗಾಳಿಗೂ ಅಲ್ಲಾಡಲಿಲ್ಲ ನೋಡು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೆಂಡತಿ ಸಲೋಟೆ ಕೋಕೋ ತಂದರು. "ಸೋಮವಾರ ಮನೆತನದವರೆಲ್ಲ ಸೇರ್ತಾರೆ. ಇವರ ಜಾಗಕ್ಕೆ ಇವರ ತಮ್ಮನನ್ನ ಕೂರಿಸ್ತಾರಂತೆ. ಕಂಬಕ್ಕೆ ಒರಗದೋನು ಯಾವ ಯಜಮಾನ ಅಂತ."

"ಯಾರಾದರೂ ಎತ್ತಿ ಕೂರಿಸಿದರೆ..."

"ನಾನೇನು ಕೂಸಾ?" ಅಂದರು ಯಜಮಾನರು.

ಸಲೋಟೆ ನನ್ನನ್ನು ಹೊರಗಡೆಯಿಂದ ಆ ಕಂಬದ ಬಳಿಗೆ ಕರೆದೊಯ್ದರು. "ಚಾಪೆ ಹಾಸಿರೋ ಈ ಜಗಲಿ ನೋಡು, ಕುರ್ಚಿ ಸೀಟಿನಷ್ಟೇ ಎತ್ತರ. ಇಲ್ಲಿ ಕುರ್ಚಿ ನಿಲ್ಲಿಸಿದ್ರೆ ಇವರೇ ಚಾಪೆ ಮೇಲಕ್ಕೆ ಜಾರಿಕೊಳ್ತಾರೆ. ನಿನ್ನ ಸರಳೇ ಅಡ್ಡ."

ಬೀಳದಿರಲಿ ಎಂದು ಜಗಲಿಯ ಸುತ್ತ ನಾನು ಹಾಕಿಸಿದ ಕಬ್ಬಿಣದ ಸರಳು. ಟೇಪು ಹಿಡಿದು ಅಳೆದೆ. ಬೆರಳಿನಷ್ಟೂ ವ್ಯತ್ಯಾಸವಿಲ್ಲ. ರ‍್ಯಾಂಪೇ ಬೇಕಿರಲಿಲ್ಲ.

"ಬಿಚ್ಚಿಸಬಾರದಿತ್ತೇ? ಮನೆ ಆಗಿ ಏಳು ತಿಂಗಳು!"

ಯಜಮಾನರ ಬೀಸಣಿಗೆ ನಿಂತಿತು. "ಕೊಟ್ಟಿದ್ದನ್ನ ನಾವೇ ಮುರಿದ್ರೆ ಊರಲ್ಲಿ ನಿನ್ನ ಮುಖ ಏನಾಗಬೇಕು ಮಗಳೇ? ತೆಗೆಯೋದಾದ್ರೆ ಕೊಟ್ಟೋರ ಮನೆಯೋರೇ ಬಂದು ತೆಗೀಬೇಕು."

ನನ್ನ ಮುಖ ಉಳಿಸಲು ಏಳು ತಿಂಗಳು ಹಿತ್ತಲಲ್ಲಿ ಕೂತಿದ್ದಾರೆ.

ಮೇ 13, ಭಾನುವಾರ

ತಾಯಂದಿರ ದಿನ. ಅದಕ್ಕೆ ನಾಳೆ ಎಲ್ಲರಿಗೂ ರಜೆ. ಅತ್ತೆ ಊಟದಲ್ಲಿ ಅದೇ ಕಥೆ ಮತ್ತೆ ತೆಗೆದರು. ಈ ಸಲ ಇನ್ನೂ ಉದ್ದ.

"ಆ ನಕ್ಷೆ ಬರೆದೋನು—"

"ಬರೆದೋಳು, ಅತ್ತೆ. ನಾನು."

ಎಲ್ಲ ಹೇಳಿದೆ. ಸೋಮವಾರದ ಸಭೆ, ಸರಳು, ಏಳು ತಿಂಗಳು. ಅತ್ತೆ ಮೀನಿನ ಮುಳ್ಳು ಬಿಡಿಸಿ ಪಕ್ಕಕ್ಕಿಟ್ಟರು.

"ಹೋದ ವಾರ ನೀನೂ ನಕ್ಕೆಯಲ್ಲೇ."

"ಹೂಂ."

"ನಕ್ಷೆಗಿಂತ ಅದು ಕೆಟ್ಟದ್ದು."

ಫೆರೆತಿ ಊಟ ಬಿಟ್ಟು ಎದ್ದುಹೋದ.

ಮೇ 14, ಬೆಳಿಗ್ಗೆ

ಐದಕ್ಕೆ ಬಾಗಿಲು ತೆಗೆದರೆ ಕಥೆ ಕೇಳಿ ನಕ್ಕವರೆಲ್ಲ ಅಂಗಳದಲ್ಲಿ. ಫೆರೆತಿ ಕೈಯಲ್ಲಿ ಸ್ಪ್ಯಾನರ್. ಅತ್ತೆಯ ಕಂಕುಳಲ್ಲಿ ಅಜ್ಜಿ ನೇಯ್ದ ನಯದ ಚಾಪೆ — ತಪ್ಪು ಮಾಡಿದವರು ಕ್ಷಮೆ ಬೇಡಲು ತಲೆ ಮೇಲೆ ಹೊದ್ದು ಕೂರುವುದು.

"ಮೊದಲು ನೀನು ಅವರ ಅಂಗಳದಲ್ಲಿ ಕೂರು. ಅವರು ಕ್ಷಮಿಸಿ ಚಾಪೆ ಎತ್ತಿದ ಮೇಲೆ ಸ್ಪ್ಯಾನರ್" ಅಂದರು ಅತ್ತೆ.

10.20, ಸವಾಯಿ

ಚಾಪೆ ಎತ್ತಿದ್ದು ಯಜಮಾನರೇ. ಕುರ್ಚಿಯಿಂದ ಅಷ್ಟು ದೂರ ಬಗ್ಗಿ. "ಬಿಸಿಲಲ್ಲಿ ಬೆಂದುಹೋದೀಯ, ಏಳು" ಅಂದರು. ನನಗೆ ಕತ್ತೆತ್ತಲಾಗಲಿಲ್ಲ.

ಸರಳಿನ ಮೂರು ಬೋಲ್ಟ್ ಬಂದವು. ನಾಲ್ಕನೆಯದು ಸಮುದ್ರದ ಗಾಳಿಗೆ ತುಕ್ಕು ಹಿಡಿದಿದೆ. ಫೆರೆತಿ ಕೈ ತರಚಿಕೊಂಡ. ಅತ್ತೆ ತೆಂಗಿನೆಣ್ಣೆ ಸುರಿದರು. ಒಳಗೆ ಮನೆತನದವರು ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ. ಅವರ ತಮ್ಮನೂ ಬಂದ. ಕಂಬ ಇನ್ನೂ ಖಾಲಿ. ಯಜಮಾನರು ಕುರ್ಚಿಯನ್ನು ತಾವೇ ತಳ್ಳಿಕೊಂಡು ಸರಳಿನ ಈಚೆ ಬಂದು ನಿಂತಿದ್ದಾರೆ.

"ಅದು ಅವಳ ಕೈಗೇ ಬರಬೇಕೇನೋ, ಕೊಡೋ" ಅನ್ನುತ್ತಿದ್ದಾರೆ ಅತ್ತೆ. ಫೆರೆತಿ ಸ್ಪ್ಯಾನರ್ ಹಿಡಿದು ಈ ಕಡೆಗೇ ಬರುತ್ತಿದ್ದಾನೆ. ಪೆನ್ನು ಇಡುತ್ತೇನೆ.