ಸೇತುವೆಯಾಚೆ ನೀನು ಬರೆದಿಟ್ಟ ಮಾತು

ಕೇಗೊ,

ನಿನ್ನ ಸಾವಿನಿಂದ ಅರ್ಧಕ್ಕೆ ನಿಂತಿದ್ದ ವಿಡಿಯೊ ಆಟವನ್ನು ಈ ಚಳಿಗಾಲ ನಾನು ಆಡುತ್ತಿದ್ದೇನೆ, ನಿನ್ನದೇ ಹೆಸರಿನಲ್ಲಿ. ಸೋತಷ್ಟೂ ಬಿಡಲಾಗುತ್ತಿಲ್ಲ. ಇವತ್ತು ಮಧ್ಯಾಹ್ನವೂ ಸೇತುವೆ ಕಾಯುವ ಕುರುಡು ರಾಜ ನನ್ನನ್ನು ಕೊಂದ.

ಕೊತಾತ್ಸು ಎಂಬ ಬಿಸಿಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ಚಾಚಿ ಮಿಕಾನ್ ಹಣ್ಣು ಸುಲಿಯುತ್ತಿದ್ದ ಅಮ್ಮ, "ಮತ್ತೆ ಸತ್ತ್ಯೇನೇ? ನಿನ್ ತಮ್ಮನೇ ವಾಸಿ, ಸಾಯೋ ಮುಂಚೆ ಎರಡೇಟಾದ್ರೂ ಹಾಕ್ತಿದ್ದ" ಎಂದು ನಕ್ಕು, ಸುಲಿದ ಹಣ್ಣನ್ನು ಹಾಗೇ ಕೆಳಗಿಟ್ಟಳು.

"ಇನ್ನೊಂದ್ಸಲ ಇರಮ್ಮ" ಎಂದೆ.

ಈ ಸಲ ಕುರುಡು ರಾಜನ ಜೀವ ಕೂದಲೆಳೆಯಷ್ಟಿತ್ತು, ನನ್ನದೂ ಅಷ್ಟೇ. ಅವನು ಕತ್ತಿ ಎತ್ತಿದ. ಅಷ್ಟರಲ್ಲಿ ನನ್ನ ಜೀವ ತಾನಾಗಿಯೇ ತುಂಬಿಕೊಂಡಿತು! ಪರದೆಯ ಅಂಚಿನಲ್ಲಿ ಒಂದು ಸಾಲು ಮೂಡಿತು: "ನಿಮ್ಮ ಬರಹವನ್ನು ಯಾರೋ ಮೆಚ್ಚಿದ್ದಾರೆ." ಹಿಂದೆ ಬರುವ ಆಟಗಾರರಿಗೆಂದು ನೀನು ಎಂದೋ ಆ ಲೋಕದ ನೆಲದ ಮೇಲೆ ಬರೆದಿಟ್ಟ ಬರಹ ಅದು. ಓದಿದವರು ಮೆಚ್ಚಿದರೆ ಬರೆದವನಿಗೆ ಜೀವ ಬರುವುದು ಆ ಆಟದ ನಿಯಮ. ಆ ಜೀವದಿಂದಲೇ ಗೆದ್ದೆ.

ಆಮೇಲೆ ನಿನ್ನ ಬರಹವನ್ನು ಹುಡುಕುತ್ತಾ ಹೋದೆ. ಸೇತುವೆಯಾಚೆ, ಬಂಡೆಯ ತುದಿಯಲ್ಲಿ ಹೊಳೆಯುತ್ತಿತ್ತು: "ಇಲ್ಲಿ ಕೂತು ನೋಡು." ಕೆಳಗೆ ಇಡೀ ರಾಜ್ಯ ಬಂಗಾರದ ಬೆಳಕಿನಲ್ಲಿ ಮಲಗಿತ್ತು.

"ಅಕ್ಕಾ, ಐದ್ನಿಮಿಷ ಕೂತು ನೋಡೇ" ಎಂದು ನೀನು ಕರೆದಾಗಲೆಲ್ಲ ನನ್ನ ಕೈಯಲ್ಲಿ ಯಾವುದೋ ಕವಿತೆಯ ಪುಸ್ತಕವಿರುತ್ತಿತ್ತು.

ನಿನ್ನ ಯೋಧನನ್ನು ಅಲ್ಲೇ ಕೂರಿಸಿದೆ. ಅಮ್ಮ ಸರಿದು ನನ್ನ ಪಕ್ಕಕ್ಕೆ ಬಂದಳು.

"ಟೀವಿ ಆರಿಸ್ಬೇಡ ಕಣೇ" ಎಂದಳು, "ಕೂತಿರ್ಲಿ."