ಮೊದಲ ಬೀಜ ಹಿರಿಯನದು

ಹೋಮಾ ಬೇ
೧೦ ಮಾರ್ಚ್ ೨೦೧೯

ಜಾಡೊಕ್ ಭಾವನವರಿಗೆ,

ಅವಿತಿಯ ನಮಸ್ಕಾರ. ನೀವು ಗಟ್ಟಿಮುಟ್ಟಾಗಿದ್ದೀರೆಂದು ನಿಮ್ಮ ಮಗ ಒಕುಮು ಹೇಳಿದ. ಇರದೆ ಏನು!

ನಿಮ್ಮ ತಮ್ಮ ತೋಬಿಯಾಸ್ ಸತ್ತ ಮೇಲೆ, ಪದ್ಧತಿಯಂತೆ ನಿಮ್ಮ ಹೆಂಡತಿಯಾಗಿ ಬರಲು ಒಪ್ಪದೆ ಆ ಅಂಗಳ ದಾಟಿದವಳು ನಾನು. ಮತ್ತೆ ಕಾಲಿಟ್ಟರೆ ನಾಯಿ ಬಿಡುತ್ತೇನೆ ಎಂದಿರಿ. ಅದಕ್ಕೇ ಮೊದಲು ಈ ಕಾಗದ.

ಮೊನ್ನೆ ಒಕುಮು ನನ್ನ ಕೋಣೆಗೆ ಬಂದಿದ್ದ. ಉಗಾಲಿ ಮುದ್ದೆ, ಹುರಿದ ಒಮೆನಾ ಮೀನು ಬಡಿಸಿದೆ. ಎರಡು ತುತ್ತಿಗೇ ಕೆಮ್ಮು. ತೋಬಿಯಾಸ್ ಕೆಮ್ಮುತ್ತಿದ್ದ ಹಾಗೆಯೇ, ಬಾಯಿಯನ್ನು ಭುಜಕ್ಕೆ ಒತ್ತಿಕೊಂಡು. ಒಕುಮುವಿನ ಹೆಂಡತಿ ಅಕೆಯೋ ತುಂಬು ಬಸುರಿಯಂತೆ.

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮನೆಮನೆಗೆ ಎಚ್‌ಐವಿ ಪರೀಕ್ಷೆಯ ಪೊಟ್ಟಣ ಹಂಚುತ್ತೇನೆ. ಸೂಜಿಯಿಲ್ಲ, ರಕ್ತವಿಲ್ಲ. ಕಡ್ಡಿಯನ್ನು ಒಸಡಿನ ಮೇಲೆ ಎಳೆದು, ಶೀಶೆಯ ನೀರಿನಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಕಾದರಾಯಿತು. ಗಂಡಹೆಂಡಿರಿಬ್ಬರಿಗೂ ಎಂದು ಕೊಟ್ಟೆ. ನಿಮ್ಮ ಮಗ ಮುಟ್ಟಲಿಲ್ಲ.

"ಬೇಡ ಚಿಕ್ಕಮ್ಮ, ಅಪ್ಪ ಇನ್ನೂ ಪರೀಕ್ಷೆಗೆ ಕೂತಿಲ್ಲ. ಅವರಿಗಿಂತ ಮುಂಚೆ ನಾನು ಕೂತ್ರೆ ಕಟ್ಟಳೆ ಮುರಿದ ಶಾಪ, ಚಿರಾ ಬಡಿಯುತ್ತೆ. ಹೊಟ್ಟೇಲಿರೋ ಕೂಸನ್ನೂ ಬಿಡಲ್ಲ ಅದು" ಎಂದ.

"ಹಿರಿಯರೇ ಮೊದಲು ಅನ್ನೋಕೆ ಇದೇನು ಮೆಕ್ಕೆಜೋಳ ಬಿತ್ತೋದೇನೋ, ಪೆದ್ದ?" ಎಂದು ಗದರಿದೆ.

"ಎರಡೂ ಒಂದೇ ಅಂತಾರೆ ಅಪ್ಪ."

ಕೂಸಿಗೆ ರೋಗ ದಾಟದಂತೆ ತಡೆಯುವ ಮಾತ್ರೆಯಿದೆ ಭಾವ. ಅದನ್ನು ಕೊಡಬೇಕಾದರೆ ತಾಯಿಗೆ ರೋಗವಿದೆಯೋ ಇಲ್ಲವೋ ಗೊತ್ತಾಗಬೇಕು. ಅವಳ ದಿನ ಹತ್ತಿರವಾಗುತ್ತಿದೆ.

ಈ ಮಾತು ನಾನು ಮೊದಲೂ ಕೇಳಿದ್ದೇನೆ. ಹತ್ತು ವರ್ಷದ ಹಿಂದೆ ಪರೀಕ್ಷೆಯವರು ನಮ್ಮ ಅಂಗಳಕ್ಕೇ ಬಂದಿದ್ದರು. ತೋಬಿಯಾಸ್ ಬೆರಳು ಚಾಚಿಯೂ ಆಗಿತ್ತು. ನೀವು ಕೋಲು ಕುಟ್ಟಿದಿರಿ. "ಇಲ್ಲಿ ನಾನು ಬೀಜ ಹಾಕೋವರೆಗೂ ಯಾರೂ ಗುದ್ದಲಿ ಎತ್ತಲ್ಲ. ರಕ್ತಾನೂ ಹಂಗೇ. ನಾನು ಕೂರಲ್ಲ, ಯಾರೂ ಕೂರಲ್ಲ!"

"ಹಾಗಾದ್ರೆ ನೀವೇ ಮೊದಲು ಕೂತ್ಕೊಳ್ಳಿ ತಾತ" ಎಂದು ಆ ನರ್ಸ್ ಹುಡುಗಿ ನಕ್ಕಳು.

"ಯಜಮಾನಿಕೆ ಎಲ್ಲ ನಿಮ್ಮಪ್ಪನ ಅಂಗಳದಲ್ಲಿ ಮಾಡು, ಹೋಗಮ್ಮ" ಎಂದಿರಿ. ತೋಬಿಯಾಸ್ ಬೆರಳನ್ನು ಜೇಬಿಗೆ ಹಾಕಿಕೊಂಡ.

ಮಾತ್ರೆ ಪುಕ್ಕಟೆ ಸಿಗುತ್ತಿದ್ದ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರವಿರುವಾಗಲೇ ಅವನು ಚಾಪೆಯ ಮೇಲೆ ಒಣಗಿ ಕಡ್ಡಿಯಾದ. ನೀವು ಮೊಂಬಾಸಾದಲ್ಲಿದ್ದ ವರ್ಷ ಅವನು ನಿಮಗಿಂತ ಮೊದಲು ಬಿತ್ತಿದ್ದಕ್ಕೆ ತಗುಲಿದ ಚಿರಾ ಇದು ಎಂದಿರಿ. ನಂಬಿಕೊಂಡೇ ಸತ್ತ. ಹೂಳುವ ದಿನ ಅದೇ ಬಾಯಲ್ಲಿ, ನೆರೆದ ಜನರೆದುರು, "ಇವಳು ತಂದ ರೋಗ" ಎಂದು ನನ್ನತ್ತ ಕೋಲು ತೋರಿಸಿದಿರಿ. ಎರಡರಲ್ಲಿ ಯಾವುದು ನಿಜವೆಂದು ಒಬ್ಬರೂ ಕೇಳಲಿಲ್ಲ. ಅಂದು ಅಲ್ಲಿ ತಲೆಯಾಡಿಸಿದವರ ಮುಖಗಳೆಲ್ಲ ನನಗೆ ನೆನಪಿವೆ.

ಪರೀಕ್ಷೆ ಜನರ ಬಳಿಗೆ ತಲುಪದಿರಲು ಬಡತನ ಕಾರಣ, ದೂರ ಕಾರಣ ಎಂದು ಪತ್ರಿಕೆಗಳು ವರ್ಷವರ್ಷವೂ ಬರೆಯುತ್ತವೆ. ಒಂದನ್ನೂ ಬಿಡದೆ ಓದುತ್ತೇನೆ. ನಮ್ಮ ಮನೆಯಲ್ಲಿ ಅದು ಹೊಸ್ತಿಲವರೆಗೆ ಬಂದಿತ್ತು. ತಡೆದದ್ದು ನೀವು.

ಶನಿವಾರ ನಿಮ್ಮ ಬಿತ್ತನೆ. ಅಂದು ಬರುತ್ತಿದ್ದೇನೆ. ಪಾದ್ರಿ, ಮಹಿಳಾ ಸಂಘದವರು, ತೋಬಿಯಾಸ್‌ನ ಅಕ್ಕಂದಿರು, ಎಲ್ಲರನ್ನೂ ಕರೆದಾಗಿದೆ. ನಾಯಿ ಬಿಡುವುದಾದರೆ ನೋಡುವುದಕ್ಕೆ ಜನರಿರುತ್ತಾರೆ. ಹಿರಿಯ ಹೆಂಡತಿಯ ಹೊಲಕ್ಕೆ ಬೀಜ ಹಾಕಿ, ಬಂದು ಮಾವಿನ ಮರದಡಿ ಕೂತು ಕಡ್ಡಿಯನ್ನು ಒಸಡಿಗೆ ಹಚ್ಚಿ. ಬಂದ ಉತ್ತರವನ್ನು ಒಳಗೆ ಹೋಗಿ ನೋಡಿಕೊಳ್ಳಿ, ಯಾರೂ ಕೇಳುವುದಿಲ್ಲ. ತಮ್ಮನನ್ನು ತಡೆದ ಆ ಬಾಯಿ ನನ್ನ ಮುಂದೆ ತೆರೆಯಬೇಕು, ನನಗೆ ಅಷ್ಟೇ ಸಾಕು. ನಿಮ್ಮ ಹಿಂದೆ ಒಕುಮು ಕೂರುತ್ತಾನೆ, ಅಕೆಯೋ ಕೂರುತ್ತಾಳೆ.

ಇಂದಿಗೂ ತೋಬಿಯಾಸ್‌ನ ಹೆಂಡತಿಯೇ ಆದ,
ಪರ್ಪೆಟುವಾ ಅವಿತಿ

ತಾ.ಕ.: ತೋಬಿಯಾಸ್‌ನ ಗುಂಡಿಗೆ ಮಣ್ಣು ಹಾಕಲು ಬಗ್ಗಿದಾಗ ನಿಮ್ಮ ಕೋಟಿನ ಜೇಬಿನಲ್ಲಿ ಏನೋ ಗಲಗಲ ಎಂದಿತು. ಬಿತ್ತನೆ ಬೀಜ ಎಂದಿರಿ. ಆಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡು, ಆಸ್ಪತ್ರೆಯ ಕಿಟಕಿಯಲ್ಲಿ ಕೊಟ್ಟ ನನ್ನ ಮಾತ್ರೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ, ಅದೇ ಸದ್ದು ಕೇಳಿ ದಾರಿಯಲ್ಲೇ ನಿಂತುಬಿಟ್ಟೆ. ಮುಂದಿನ ತಿಂಗಳು ಅದೇ ಕಿಟಕಿಯ ಸಾಲಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದ ನಿಮ್ಮನ್ನೂ ಕಂಡೆ. ತಮ್ಮ ಸಾಯುವ ಮೊದಲೇ ನೀವು ಕೂತಾಗಿತ್ತು ಭಾವ. ನಿಮ್ಮದೇ ಕಟ್ಟಳೆಯಂತೆ ಅವನೂ ಕೂರಬಹುದಾಗಿತ್ತು. ಇದನ್ನು ಯಾರಿಗೂ ಹೇಳುವುದಿಲ್ಲ, ಹೇಳಬಾರದು ಎಂಬುದು ನಮ್ಮ ಕೆಲಸದ ನಿಯಮ. ನನಗೆ ಗೊತ್ತೆಂಬುದು ನಿಮಗೆ ಗೊತ್ತಿದ್ದರೆ ಸಾಕು. ಶನಿವಾರ ಅದೇ ಕೋಟು ತೊಡುವುದಾದರೆ ಡಬ್ಬಿಯೊಳಗೆ ಒಂದಿಷ್ಟು ಹತ್ತಿ ತುರುಕಿಕೊಂಡು ಬನ್ನಿ.