ಚನ್ನರಾಯಪ್ಪನವರ ಜುಟ್ಟು

ಬೈರಕೂರು
8-2-1943

ಅಕ್ಕ ಅಕ್ಕಯಮ್ಮನಿಗೆ ನಿನ್ನ ತಮ್ಮ ಮಾಡುವ ನಮಸ್ಕಾರ.

ಅಕ್ಷರ ಕೆಟ್ಟದಾಗಿದೆ, ಒತ್ತು ದೀರ್ಘಗಳೂ ತಪ್ಪಿರಬಹುದು, ಮನ್ನಿಸು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೇ ಕಡಿಮೆ. ಪೆನ್ಸಿಲ್ಲೂ ಹೆಬ್ಬೆರಳಿನಷ್ಟೇ ಉಳಿದಿದೆ. ಅಪ್ಪನಿಗೆ ನಿಧಾನವಾಗಿ ಓದಿ ಹೇಳು.

ಅಪ್ಪನ ಕೈ ನಡುಕ ಹೆಚ್ಚಾಗಿದೆ ಎಂದು ಬರೆದಿದ್ದೀಯ. ಯುಗಾದಿಯೊಳಗೆ ನಾನು ಬಂದು ಕ್ಷೌರದ ಹಡಪ ಹಿಡಿಯದಿದ್ದರೆ ಊರವರು ಮಾಲೂರಿನಿಂದ ಬೇರೆಯವರನ್ನು ಕರೆಸುತ್ತಾರೆ ಎಂದೂ ಬರೆದಿದ್ದೀಯ. ಅದನ್ನು ಓದಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ನಾನೇನು ಇಲ್ಲಿ ಸುಮ್ಮನೆ ಕೂತಿಲ್ಲ ಅಕ್ಕ. ಕೆಲಸ ಕಲಿಯಲು ಬಂದು ಎಂಟು ತಿಂಗಳಾಯಿತು. ಮೊದಲ ಮೂರು ತಿಂಗಳು ಗಂಗುಲಪ್ಪ ಮಾವ ಕತ್ತಿಯನ್ನು ಮುಟ್ಟಲೂ ಬಿಡಲಿಲ್ಲ. ಬಂದವರ ತಲೆಗೆ ನೀರು ತಟ್ಟಿ ನೆನೆಸುವುದು, ಸಾಣೆಕಲ್ಲು ತೊಳೆಯುವುದು, ಬಿದ್ದ ಕೂದಲು ಗುಡಿಸುವುದು. ಆಮೇಲೆ ಬೂದುಗುಂಬಳಕಾಯಿ. ಕಾಯಿಯ ಮೇಲಿನ ಬೂದಿಯನ್ನೆಲ್ಲ ಕತ್ತಿಯಿಂದ ತೆಗೆಯಬೇಕು, ಹಸಿರು ಸಿಪ್ಪೆಗೆ ಗೀರು ಬೀಳಬಾರದು. ಬಿದ್ದರೆ ಮಾವ ಬೈಯುವುದಿಲ್ಲ, ಇನ್ನೊಂದು ಕಾಯಿ ತಂದು ಮುಂದೆ ಇಡುತ್ತಾರೆ. ಗೀರು ಬಿದ್ದ ಕಾಯಿಯನ್ನು ಮುತ್ಯಾಲಮ್ಮ ಅತ್ತೆ ಹುಳಿ ಮಾಡುತ್ತಾರೆ. ಒಂದು ತಿಂಗಳು ದಿನವೂ ಅದೇ ಹುಳಿ. ತಿನ್ನುವವರೆಲ್ಲ ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ಹೋದ ಬುಧವಾರ ಮಾವ ನನ್ನ ಕೈಗೆ ಒಂದು ತಲೆ ಕೊಟ್ಟರು. ಅದು ಚನ್ನರಾಯಪ್ಪನವರದು. ಇಲ್ಲಿ ದೊಡ್ಡ ಮಾವಿನ ತೋಟದವರು. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಉಳಿಸಬೇಕು, ಅಷ್ಟೇ ಕೆಲಸ. ಎಡಗೈಯಿಂದ ಚರ್ಮ ಬಿಗಿ ಹಿಡಿದು, ಹಣೆಯಿಂದ ಹಿಂದಕ್ಕೆ ಎಳೆಯುತ್ತಾ ಹೋದೆ. ನೆತ್ತಿ ದಾಟಿದಾಗ ಅವರು “ಚಾಲುರಾ” ಎಂದರು. ತೆಲುಗಿನಲ್ಲಿ ಹಾಗೆಂದರೆ ಸಾಕು ಎಂದರ್ಥ. ನಾನು, ಇದ್ದಿಲಿನಿಂದ ಓಡುವ ನಮ್ಮ ಬಸ್ಸಿನ ಕಂಡಕ್ಟರು ಕೂಗುವ ಚಾಲೂ ಇರಬೇಕು, ಮುಂದೆ ಹೋಗು ಅನ್ನುತ್ತಿದ್ದಾರೆ ಎಂದುಕೊಂಡೆ. ಹೋದೆ. ಮತ್ತೊಮ್ಮೆ ಚಾಲು ಎಂದರು, ಇನ್ನೂ ಹೋದೆ. ಅವರು ಕೈ ಹಿಂದಕ್ಕೆ ಹಾಕಿ ತಡಕುವ ಹೊತ್ತಿಗೆ ಜುಟ್ಟು ನನ್ನ ಕಾಲ ಬಳಿ ಬಿದ್ದಿತ್ತು.

ಅವರ ತಂದೆ ದೊಡ್ಡನಾರಾಯಣಪ್ಪನವರು ಇನ್ನೂ ಬದುಕಿದ್ದಾರೆ ಅಕ್ಕ. ಹರಕೆಯದಲ್ಲದಿದ್ದರೆ ತಂದೆ ಸತ್ತವರು ಮಾತ್ರ ಹಾಗೆ ತಲೆ ಪೂರಾ ಬೋಳಿಸುತ್ತಾರೆ. ಮಾರನೆಯ ದಿನ ಯಾರೋ ಅವರನ್ನು ನೋಡಿ ಯಲ್ದೂರಿನ ಬೀಗರಿಗೆ ಸುದ್ದಿ ಮುಟ್ಟಿಸಿದರಂತೆ. ಶುಕ್ರವಾರ ಎರಡು ಗಾಡಿ ತುಂಬ ಜನ ಅಳುತ್ತಾ ಬಂದಿಳಿದರು. ಜಗಲಿಯ ಮೇಲೆ ರೊಟ್ಟಿ ತಿನ್ನುತ್ತಾ ಕೂತಿದ್ದ ಆ ಹಿರಿಯರು ತಾವೂ ಗಾಬರಿಯಾಗಿ, “ಯಾರು ಹೋದ್ರಪ್ಪಾ, ನಂಗ್ಯಾರೂ ಹೇಳ್ನೇ ಇಲ್ವಲ್ಲ” ಅಂದರಂತೆ.

ಊರೆಲ್ಲ ನಕ್ಕಿತು. ಚನ್ನರಾಯಪ್ಪನವರು ನಗಲಿಲ್ಲ. ತಲೆಗೆ ಟವಲು ಸುತ್ತಿಕೊಂಡು ನಮ್ಮ ಮನೆ ಮುಂದೆ ಬಂದು ನಿಂತರು. ಹುಡುಗ ಮಾಲೂರು ಕಡೆಯವನು, ತೆಲುಗು ಬಾರದು, ಮಾತು ತಿಳಿಯದೆ ಆದ ತಪ್ಪು ಎಂದು ಮಾವ ಅವರಿಗೆ ಕೈ ಮುಗಿದು ಒಪ್ಪಿಸಿದರು. ಈಗ ಊರಲ್ಲಿ ನನಗೆ ಚಾಲೂ ಎಂದೇ ಹೆಸರು. ಬಾವಿಗೆ ಹೋದರೆ ಹೆಂಗಸರು ಸಹ, “ಏನ್ಲಾ ಚಾಲೂ, ಕೊಡ ತುಂಬಿದ್ರೂ ಸೇದ್ತಾನೇ ಇರ್ತೀಯಾ” ಎನ್ನುತ್ತಾರೆ. ತಲೆ ತಗ್ಗಿಸಿಕೊಂಡು ಬರುತ್ತೇನೆ.

ಆದರೂ ನಾಡಿದ್ದು ಬುಧವಾರ ಮತ್ತೆ ಒಂದು ತಲೆ ಕೊಡುತ್ತೇನೆಂದು ಮಾವ ಹೇಳಿದ್ದಾರೆ. ಇನ್ನು ಹತ್ತು ತಲೆ ಸರಿಯಾಗಿ ಮಾಡಿದರೆ ಯುಗಾದಿಗೆ ಕಳಿಸುತ್ತಾರಂತೆ. ಅಪ್ಪನಿಗೆ ಧೈರ್ಯ ಹೇಳು.

ನಿನ್ನ ಸೊಂಟದ ಮೇಲೆ ಬೆಳೆದ ತಮ್ಮ,
ಆಂಜಿನಪ್ಪ

ತಾ.ಕ.: ಒಂಬತ್ತನೇ ತಾರೀಖು. ಇಲ್ಲಿಂದ ಕೆಳಗೆ ಅಪ್ಪನಿಗೆ ಓದಬೇಡ.

ಚಾಲು ಎಂದರೆ ಸಾಕು ಎಂದು ನನಗೆ ಗೊತ್ತಿತ್ತು. ದಿನವೂ ಊಟಕ್ಕೆ ಕೂತಾಗ ಅತ್ತೆಗೆ ನಾನೇ ಅನ್ನುತ್ತೇನೆ. ಆ ದಿನ ಚನ್ನರಾಯಪ್ಪನವರು ಕೂತವರೇ, “ನಿಮ್ಮಪ್ಪನ ಕೈ ಮೊರ ಆಡಿಸ್ದಂಗೆ ಆಡ್ತದಂತಲ್ಲೋ, ನಿಂದೂ ಅದೇ ಕೈ ತಾನೇ?” ಅಂದರು. ಸರದಿಗೆ ಕಾದಿದ್ದವರು ನಕ್ಕರು. ಆ ಜುಟ್ಟು ತೆಗೆಯುವಾಗ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ ಅಕ್ಕ. ಒಂದು ಹನಿ ರಕ್ತ ಬರಲಿಲ್ಲ. ಅಷ್ಟು ಚೆನ್ನಾಗಿ ನಾನು ಕುಂಬಳಕಾಯಿಯನ್ನೂ ಬೋಳಿಸಿರಲಿಲ್ಲ.

ಮಾವ ನನಗಾಗಿ ಕೈ ಮುಗಿದದ್ದು ಕಣ್ಣಿಂದ ಹೋಗುತ್ತಿಲ್ಲ. ಬೆಳಿಗ್ಗೆ ಅವರು ಕತ್ತಿ ಮಸೆಯುತ್ತಾ ಕೂತಿದ್ದಾಗ ಹೋಗಿ ಹೇಳಿಬಿಟ್ಟೆ. ಅವರು ಕೈ ನಿಲ್ಲಿಸಲಿಲ್ಲ. ಕತ್ತಿಯ ಮಗ್ಗುಲು ಬದಲಿಸಿ, “ಚನ್ನರಾಯಪ್ಪನವ್ರಿಗೂ ಹೇಳ್ತೀಯಾ?” ಎಂದರು. ಹೇಳ್ತೀನಿ ಎಂದೆ. ಬುಧವಾರದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆಂದು ಕೊಟ್ಟಿದ್ದ ಕತ್ತಿಯನ್ನು ಒರೆಸಿ, ಎಣ್ಣೆ ಸವರಿ, ಮಡಚಿ, ಮಾವನ ಹಡಪದೊಳಗೆ ಇಟ್ಟು ಬಂದೆ.